ಹಿಂದಿರುಗದ ಬೋಗುಣಿ

ಕಡ್ಲಿಕೊಪ್ಪದ ಜಗಲಿಗೆ ಹಸಿವಾಗುವುದು ಹೊತ್ತು ಮೂಡುವ ಸುಮಾರಿಗೆ. ಅಷ್ಟರೊಳಗೆ ಶಂಕ್ರವ್ವ ಎದ್ದು, ಮೋರೆ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಹಳೇ ವಾಚನಾಲಯದ ಹಿಂದಿನ ಕೋಣೆಯ ಬೀಗ ತೆಗೆಯಬೇಕು. ಒಳಗೆ ಎದೆಮಟ್ಟದ ಗಾಜಿನ ಹರವಿ. ಅದರ ತುಂಬ, ಮಜ್ಜಿಗೆ ಇಟ್ಟಲ್ಲೇ ಇಟ್ಟರೆ ಮೇಲೆ ನಿಲ್ಲುವ ತಿಳಿಯಂಥ ನೀರು. ಮೇಲೆ ಬೆರಳುದಪ್ಪದ ಕೆನೆ. ಹಳೆಯದರಲ್ಲಿ ಒಂದಿಷ್ಟು ಹೊರಗೆ ಚೆಲ್ಲಿ, ಬೆಲ್ಲ ಉಪ್ಪು ಹಾಕಿ ಕುದಿಸಿ ಆರಿಸಿದ ಜೋಳದ ಗಂಜಿಯನ್ನು ಅಷ್ಟೇ ಹೊಯ್ದು, ಆಕೆ ಹರವಿಯ ಹೊಟ್ಟೆಗೆ ಅಂಗೈ ಒತ್ತುತ್ತಿದ್ದಳು. ಬೆಚ್ಚಗಿದ್ದರೆ ಊರು ನೆಟ್ಟಗಿದೆ ಎಂದು ಅರ್ಥ.

ಜಗಲಿ ಎಂದರೆ ಊರಿನ ಮಾತು ಕೂಡುವ ಜಾಗ. ಒಂದು ಕಾಲಕ್ಕೆ ಜನ ಆಡಿದ್ದು, ಬರೆದದ್ದು, ನಕ್ಕದ್ದು ಎಲ್ಲ ದೂರದ ದೊಡ್ಡ ಕಂಪನಿಗಳ ಕಣಜ ಸೇರುತ್ತಿತ್ತು. ಆ ಕಣಜಗಳು ಸಂತೆಯಾಗಿ, ಸಂತೆಯಲ್ಲಿ ಮನುಷ್ಯರ ದನಿಯೇ ಕೇಳದಂತಾದಾಗ, ಜನ ಬೇಸತ್ತು ತಂತಮ್ಮ ಊರಿಗೆ ತಂತಮ್ಮ ಜಗಲಿ ಕಟ್ಟಿಕೊಂಡರು. ಅದು ಆದದ್ದು ಒಂದು ಹೆಪ್ಪಿನಿಂದ. ಕಣ್ಣಿಗೆ ಕಾಣದ ಜೀವಿಗಳ ಮೈಯೊಳಗಿನ ಎಳೆಯ ಮೇಲೆ ಅಕ್ಷರ ಬರೆಯುವ ವಿದ್ಯೆ ಆಗ ಹೊಸದಾಗಿ ಕೈಗೆ ಬಂದಿತ್ತು. ಒಂದು ಹರವಿಯಲ್ಲಿ ಒಂದೂರಿನ ನೂರು ವರ್ಷದ ಮಾತು ಹಿಡಿಸುತ್ತದೆ. ಪಕ್ಕದಲ್ಲೊಂದು ಓದುಪೆಟ್ಟಿಗೆ, ಅದು ಕೆನೆಯನ್ನು ಓದಿ ಜನರ ಫೋನಿಗೆ ಕೊಡುತ್ತದೆ, ಜನ ಹೇಳಿದ್ದನ್ನು ಹರವಿಗೆ ಬರೆಯುತ್ತದೆ, ಸುತ್ತಲಿನ ಊರುಗಳ ಪೆಟ್ಟಿಗೆಗಳೊಂದಿಗೆ ರೇಡಿಯೋದಲ್ಲಿ ಮಾತಾಡುತ್ತದೆ. ಜನ ಯಾವ ಮಾತಿಗೆ ಹೆಚ್ಚು ಮರುಮಾತು ಕೊಡುತ್ತಾರೋ ಆ ಮಾತಿನ ಜೀವಿಗಳು ಹೆಚ್ಚಾಗಿ ಕೆನೆಯಾಗಿ ಮೇಲೆ ಬರುತ್ತವೆ. ಉಳಿದವು ಮೆಲ್ಲಗೆ ತಳಕ್ಕಿಳಿಯುತ್ತವೆ. ಸಾಯುವುದಿಲ್ಲ, ಇಳಿಯುತ್ತವೆ. ಒಡೆಯ ಅಂತ ಯಾರೂ ಇಲ್ಲ. ಒಂದೂರಿನ ಹರವಿ ಕೆಟ್ಟರೆ ಪಕ್ಕದೂರಿಗೆ ಹೋಗಿ ಹೆಪ್ಪು ಕೇಳಿ ತಂದರಾಯಿತು.

ಒಡೆಯ ಇಲ್ಲ, ಸರಿ. ಆದರೆ ಗಂಜಿ ಕಾಸುವವರು ಬೇಕಲ್ಲ.

ಮೊದಮೊದಲು ಓಣಿಗೊಬ್ಬರಂತೆ ಸರದಿ ಇತ್ತು. ಒಬ್ಬರ ಸರದಿಯಲ್ಲಿ ಗಂಜಿ ಸೀದುಹೋಯಿತು, ಇನ್ನೊಬ್ಬರ ಸರದಿಯಲ್ಲಿ ಮದುವೆ ಬಂತು. ಹಾಲಿನ ಡೇರಿಯ ಪರೀಕ್ಷಾ ಕೋಣೆಯಲ್ಲಿ ದುಡಿದು ನಿವೃತ್ತಳಾಗಿದ್ದ ಶಂಕ್ರವ್ವ, ಕೊಡ್ರಿ ಇಲ್ಲೆ ಅಂತ ಬೀಗದ ಕೈ ತಾನೇ ಇಸಿದುಕೊಂಡವಳು ಆಮೇಲೆ ಯಾರಿಗೂ ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ. ಗಂಡ ತೀರಿದ ವರ್ಷ, ಶ್ರೀಶೈಲಕ್ಕೆ ನಡೆದು ಬರುತ್ತೇನೆ ಎಂದು ಮಲ್ಲಯ್ಯನಿಗೆ ಹರಕೆ ಹೊತ್ತಿದ್ದಳು. ಪ್ರತಿ ಯುಗಾದಿಗೆ ಮುಂಚೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವ ಜನ ಅವಳ ಮನೆ ಮುಂದೆ ಹಾಯುತ್ತಿದ್ದರು, ಆಕೆ ಅವರ ಪಾದಕ್ಕೆ ನೀರು ಹಾಕಿ ಕಳಿಸುತ್ತಿದ್ದಳು. ಹರವಿಯನ್ನು ಯಾರ ಕೈಯಲ್ಲಿ ಬಿಟ್ಟು ಹೋಗುವುದು? ಮೊಣಕಾಲು ವರ್ಷ ವರ್ಷಕ್ಕೆ ಸವೆಯುತ್ತಿತ್ತು. ಈ ಸಲ ತಪ್ಪಿದರೆ ಮುಂದೆ ನಡೆಯಲಾರೆ ಎಂಬುದು ಅವಳಿಗೆ ಗೊತ್ತಿತ್ತು.

ಹೀಗೆ ದಣಿದ ಹೊತ್ತಿಗೇ ಮಧುರಾ ಸಂಸ್ಥೆಯ ವಿಶ್ವಂಭರ ಬಂದದ್ದು. ಒಳ್ಳೆಯ ಹುಡುಗನೇ. ಮೈಸೂರು ಕಡೆಯವನು, ಊರೂರು ತಿರುಗಿ ಅವನೂ ಸೊರಗಿದ್ದ. ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತ ಎಲ್ಲವನ್ನೂ ಬಿಡಿಸಿ ಹೇಳಿದ. ತಮ್ಮ ಸಂಸ್ಥೆಯ ಹೆಪ್ಪಿಗೆ ಗಂಜಿ ಬೇಡ, ಬೆಳಕು ಗಾಳಿಯಲ್ಲೇ ಬದುಕುತ್ತದೆ. ಆರು ತಿಂಗಳಿಗೊಮ್ಮೆ ಸಂಸ್ಥೆ ಕಳಿಸುವ ಪೊಟ್ಟಣ ಬೆರೆಸಿದರೆ ಮುಗಿಯಿತು. ಪೊಟ್ಟಣಕ್ಕೆ ದುಡ್ಡಿಲ್ಲ. ಹಾಗಾದರೆ ನಿಮಗೇನು ಲಾಭ ಎಂದು ಆಕೆ ಕೇಳಿದಾಗ ಅವನು ಮುಚ್ಚಿಡಲಿಲ್ಲ. ವ್ಯಾಪಾರಿಗಳ ಮಾತು ಒಂದಿಷ್ಟು ಸೇರುತ್ತದೆ, ಅಷ್ಟೆ. ಮತ್ತೆ ಈ ಹೆಪ್ಪಿನಿಂದ ಬೇರೆ ಹೆಪ್ಪು ಹಾಕಿದರೆ ಬಾಳುವುದಿಲ್ಲ. ಎರಡು ಮೂರು ಪೀಳಿಗೆಗೆ ಬಂಜೆಯಾಗುತ್ತದೆ. ಹಾಗೆಂದೇ ಮಾಡಿದ್ದು.

“ಹೆಪ್ಪಿನಿಂದ ಹೆಪ್ಪು ಹುಟ್ಟಂಗಿಲ್ಲ ಅಂದ್ರ ಅದಕ್ಕ ಹೆಪ್ಪು ಅಂತ ಯಾಕ ಕರೀತೀರಪಾ?” ಅಂದಳು ಶಂಕ್ರವ್ವ.

“ಅಮ್ಮಾ, ನಿಮ್ಮದು ದೊಡ್ಡ ಸೇವೆ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ನಂತರ ಯಾರು ಮಾಡ್ತಾರೆ?”

ಶಂಕ್ರವ್ವ ಇನ್ನೊಂದು ಕಪ್ ಚಹಾ ಕೊಟ್ಟು, ಬ್ಯಾಡಪಾ ಎಂದು ಕಳಿಸಿದಳು. ಬೇಡವೆಂದ ಮೇಲೆ ಎರಡು ದಿನ ಮೈಕೈ ನೋವು ಹೆಚ್ಚೇ ಆದಂತೆನಿಸಿತು.

ಮಾಘದ ಮೊದಲಿಗೆ ಅತ್ತಿಗೇರಿಯ ರಂಜಾನಸಾಬ ಬಂದ. ಆ ಊರಿನ ಹರವಿ ನೋಡಿಕೊಳ್ಳುವವನು, ಸೈಕಲ್ ರಿಪೇರಿ ಅಂಗಡಿಯವನು. ಬಿಸಿಲು ಈ ವರ್ಷ ಬೇಗ ಏರಿ, ಕರೆಂಟು ಕೈಕೊಟ್ಟು ಹರವಿ ಹುಳಿತುಹೋಗಿತ್ತು. ಶಂಕ್ರವ್ವ ಒಳಗಿನಿಂದ ಕಲಾಯಿ ಹಾಕಿಸಿದ ಹಿತ್ತಾಳೆ ಬೋಗುಣಿ ತಂದು, ಹೆಪ್ಪು ತುಂಬಿ, ಬಟ್ಟೆ ಬಿಗಿದು ಕೊಟ್ಟಳು. ಕೊಡುವಾಗ ಯಾವಾಗಲೂ ಹೇಳುವ ಮಾತನ್ನೇ ಹೇಳಿದಳು: ಬೋಗುಣಿ ಮಾತ್ರ ಮರೀಬ್ಯಾಡ, ಇದರ ಜೋಡಿನ ಬೋಗುಣಿ, ತವರುಮನೆಯದು, ಗುಡ್ಡದಾಚೆ ನಾಲ್ಕು ಮನೆಯ ಯಲಗಟ್ಟಿ ದೊಡ್ಡಿಯವರು ಹೆಪ್ಪಿಗೆ ಅಂತ ಒಯ್ದವರು ಈ ತನಕ ಮುಖ ತೋರಿಸಿಲ್ಲ. ಇದನ್ನು ಸುತ್ತಲಿನ ಊರಿನವರೆಲ್ಲ ಎಷ್ಟು ಸಲ ಕೇಳಿದ್ದರೆಂದರೆ, ಹೆಪ್ಪಿಗೆ ಬಂದವರು ಆಕೆ ಬಾಯಿ ತೆರೆಯುವ ಮೊದಲೇ ದೊಡ್ಡಿಯವರನ್ನು ಬಯ್ಯುತ್ತಿದ್ದರು.

ರಂಜಾನಸಾಬ ಹದಿನೈದು ದಿನಕ್ಕೆ ಬೋಗುಣಿ ಮರಳಿಸಿದ. ಪಾತ್ರೆಯನ್ನು ಬರಿದಾಗಿ ಮರಳಿಸುವ ರೂಢಿ ಈ ಕಡೆ ಇಲ್ಲ. ಸಕ್ಕರೆಯಾದರೂ ಒಂದು ಚಿಟಿಕೆ ಹಾಕಿ ಕೊಡುತ್ತಾರೆ. ಹೆಪ್ಪಿನ ಬೋಗುಣಿಯಾದರೆ ತಮ್ಮ ಹರವಿಯ ಹೆಪ್ಪನ್ನೇ ಎರಡು ಸೌಟು ಹಾಕಿ ಕೊಡುವುದು, ಪಡೆದವರು ಅದನ್ನು ತಮ್ಮ ಹರವಿಗೆ ಸುರಿಯುವುದು. ಅದರಿಂದ ಊರೂರ ಮಾತು ಬೆರೆಯುತ್ತಿತ್ತು, ಒಂದೂರಿನದು ಇನ್ನೊಂದೂರಿನಲ್ಲಿ ಉಳಿಯುತ್ತಿತ್ತು. ಶಂಕ್ರವ್ವ ಸುರಿದಳು. ಅವನು ಆ ದಿನ ಚಹಾಕ್ಕೂ ನಿಲ್ಲದೆ ಹೋದದ್ದನ್ನು ಆಕೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅದಾದ ಕೆಲವೇ ದಿನಕ್ಕೆ ಹರವಿಯ ಕೆಲಸ ಸುಲಭವಾಯಿತು. ಒಂದು ಮುಂಜಾನೆ ಜ್ವರ ಬಂದು ಆಕೆಗೆ ಏಳಲಾಗಲಿಲ್ಲ. ಮಧ್ಯಾಹ್ನ ಹೆದರುತ್ತ ಹೋಗಿ ಮುಟ್ಟಿದರೆ ಹರವಿ ಬೆಚ್ಚಗೇ ಇತ್ತು. ಮರುದಿನ ಬೇಕೆಂದೇ ಗಂಜಿ ತಪ್ಪಿಸಿದಳು. ಅದಕ್ಕೂ ಏನೂ ಆಗಲಿಲ್ಲ. ಕೆನೆ ಮೊದಲಿಗಿಂತ ದಪ್ಪಗಿತ್ತು. ಶಂಕ್ರವ್ವ ಗಾಜಿಗೆ ಹಣೆ ಹಚ್ಚಿ ನಿಂತಳು. ಮಲ್ಲಯ್ಯ ತನ್ನ ದಣಿವು ನೋಡಿದ ಅಂದುಕೊಂಡಳು. ಕಂಬಿಯವರ ಹಿರಿಯನಿಗೆ ಹೇಳಿಕಳಿಸಿ ಈ ಸಲ ನಾನೂ ಬರುತ್ತೇನೆ ಎಂದಳು. ಹೊಸ ಚಪ್ಪಲಿ ತಂದು, ಮೆತ್ತಗಾಗಲಿ ಅಂತ ಮನೆಯೊಳಗೇ ಹಾಕಿಕೊಂಡು ತಿರುಗಿದಳು. ಮುಂಜಾನೆ ಹೊತ್ತೇರುವ ತನಕ ಮಲಗುವ ಸುಖ ಎಂಥದ್ದೆಂದು ಆಕೆಗೆ ಮರೆತೇಹೋಗಿತ್ತು.

ಆ ಹೊತ್ತಿನಲ್ಲಿ ಹಿಟ್ಟಿನ ಗಿರಣಿಯ ಈರಸಂಗಪ್ಪನ ತಾಯಿ ನೀಲವ್ವ ತೀರಿಕೊಂಡಳು.

ಈರಸಂಗಪ್ಪ ಜಗಲಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಂಕು ಆಡುವವನು. ಗಂಜಿಯ ವಾಸನೆ ಗಿರಣಿ ತನಕ ಬರುತ್ತದೆ, ಶಂಕ್ರಕ್ಕ ಜಗಲಿಗೆ ಉಣಿಸುತ್ತಾಳೋ ತಾನೇ ಉಣ್ಣುತ್ತಾಳೋ, ಹೀಗೆ. ನೀಲವ್ವ ಅದೇ ಜಗಲಿಯಲ್ಲಿ ಮಗನನ್ನು ಬಯ್ಯುತ್ತ, ಊರ ಸೊಸೆಯಂದಿರಿಗೆ ಹಿಂಡಿ ಪಲ್ಯ ಹೇಳಿಕೊಡುತ್ತ ಇದ್ದವಳು. ಸುತ್ತ ಹತ್ತು ಊರಿಗೆ ಬೇಕಾದ ಮುದುಕಿ. ಅವಳ ಮಣ್ಣಿಗೆ ಓಣಿಯವರು, ಭಜನೆಯ ನಾಲ್ಕು ಜನ, ಇಷ್ಟೇ ಬಂದರು. ಶಂಕ್ರವ್ವನಿಗೆ ಗೊತ್ತಾದದ್ದು ಮಣ್ಣು ಮುಗಿದ ಮೇಲೆ, ಹಾದಿಯಲ್ಲಿ ಹೋಗುವವರ ಬಾಯಿಂದ.

ಆಕೆ ಓಡುತ್ತ ಹೋದಾಗ ಈರಸಂಗಪ್ಪ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದ. ಕೊಂಕು ಆಡಲಿಲ್ಲ. ಫೋನು ಅವಳ ಕೈಗೆ ಕೊಟ್ಟ. ಜಗಲಿಯ ಮೇಲುಗಡೆ ಪೊಟ್ಟಣದ ಗೋಧಿಹಿಟ್ಟಿನ ಮಾತು ಇತ್ತು. ಅದರ ಕೆಳಗೆ ಸೀರೆಯ ರಿಯಾಯತಿ, ಅದರ ಕೆಳಗೆ ಮತ್ತೆ ಅದೇ ಹಿಟ್ಟು. ಆಕೆ ಬೆರಳಿನಿಂದ ಸರಿಸುತ್ತ ಸರಿಸುತ್ತ ಹೋದಳು. ಎಲ್ಲೋ ತಳದಲ್ಲಿ, ನಸುಕಿನಲ್ಲಿ ಅವನು ಹಾಕಿದ ಎರಡು ಸಾಲು ಇದ್ದವು. ನಮ್ಮವ್ವ ಲಿಂಗೈಕ್ಯಳಾಗಿದ್ದಾಳೆ. ಎಲ್ಲರೂ ಬರಬೇಕು.

“ಊರು ಬಂದಿಲ್ಲಂತ ಸಿಟ್ಟಿಲ್ಲ ಶಂಕ್ರಕ್ಕ,” ಎಂದ ಅವನು. “ಹಿಟ್ಟಿನ ಕೆಳಗ ಬಿತ್ತಲ್ಲ ನಮ್ಮವ್ವ. ಅದೂ ಪೊಟ್ಟಣದ ಹಿಟ್ಟಿನ ಕೆಳಗ.”

ಆಕೆ ಸೀದಾ ವಾಚನಾಲಯಕ್ಕೆ ನಡೆದಳು. ಡೇರಿಯಿಂದ ಬರುವಾಗ ಕೊಟ್ಟಿದ್ದ ಪುಟ್ಟ ಸೂಕ್ಷ್ಮದರ್ಶಕ ಹೊರತೆಗೆದು, ಕೆನೆಯ ಒಂದು ಹನಿ ಗಾಜಿನ ಮೇಲಿಟ್ಟು ಕಣ್ಣು ಹಚ್ಚಿದಳು. ತಮ್ಮ ಹೆಪ್ಪಿನ ಜೀವಿಗಳು ರುದ್ರಾಕ್ಷಿ ಸರದ ಹಾಗೆ ಗುಂಡು ಗುಂಡಾಗಿ ಕೂಡಿಕೊಂಡಿರಬೇಕು. ಅಲ್ಲಿ ಬರೀ ಕಡ್ಡಿಗಳಿದ್ದವು, ಪೊರಕೆ ಬಿಚ್ಚಿ ಚೆಲ್ಲಿದ ಹಾಗೆ. ಎಲ್ಲೋ ಒಂದೊಂದು ಸರದ ತುಣುಕು. ಎಷ್ಟು ದಿನದಿಂದ ಈ ಗಾಜಿಗೆ ಕಣ್ಣು ಹಚ್ಚಿರಲಿಲ್ಲ ಎಂದು ಯೋಚಿಸಿದಳು. ಸುಲಭವಾದಾಗಿನಿಂದ. ಸುಲಭವಾದದ್ದು ಯಾಕೆಂದು ಕೇಳಿಕೊಳ್ಳುವ ಮನಸ್ಸೇ ಆಗಿರಲಿಲ್ಲ. ಅದಕ್ಕೂ ಮುಂಚೆ ಹರವಿಗೆ ಹೊರಗಿನಿಂದ ಬಿದ್ದದ್ದು ಅತ್ತಿಗೇರಿಯ ಎರಡು ಸೌಟು ಮಾತ್ರ.

ಅತ್ತಿಗೇರಿಯಲ್ಲಿ ರಂಜಾನಸಾಬ ಆಕೆಯನ್ನು ಕಂಡವನೇ ಪಂಪು ಕೆಳಗಿಟ್ಟ. ಕೇಳುವ ಮೊದಲೇ ಹೇಳಿದ. ಆಕೆಯ ಹೆಪ್ಪು ಒಯ್ದು ಹಾಕಿದ ವಾರದಲ್ಲೇ ಮಧುರಾದ ಹುಡುಗ ಬಂದಿದ್ದ. ಮನೆಯಲ್ಲಿ ಹೆಂಡತಿಗೆ ಆಪರೇಷನ್ ಆಗಿತ್ತು, ಅಂಗಡಿ, ಆಸ್ಪತ್ರೆ, ಗಂಜಿ ಮೂರೂ ಅವನೊಬ್ಬನ ಮೇಲೆ. ಹೂಂ ಅಂದುಬಿಟ್ಟ.

“ಹಂಗಾದ್ರ ಬೋಗುಣ್ಯಾಗ ಅದನ್ನ ಯಾಕ ಹಾಕಿ ತಂದ್ಯೋ?”

“ಬರೇ ಬೋಗುಣಿ ಹೆಂಗ ತರ್ಲಿ ಅಕ್ಕಾ? ಹೇಳಬೇಕಂತನ ಬಂದಿದ್ದೆ. ನೀವು ನಕ್ಕೋಂತ ಸುರಿದ್ರಿ. ನಾಲಗಿ ಏಳಲಿಲ್ಲ.”

ಶಂಕ್ರವ್ವ ಬಯ್ಯಬೇಕೆಂದು ಬಂದವಳು ಅವನ ಅಂಗಡಿಯ ಮುಂದಿನ ಹಲಗೆ ಮೇಲೆ ಕೂತುಬಿಟ್ಟಳು. ಅವನ ಕಣ್ಣ ಕೆಳಗಿನ ಕಪ್ಪು ತನ್ನ ಕಣ್ಣ ಕೆಳಗೂ ಇದೆ. ಇವನು ಒಪ್ಪಿದ, ತಾನು ಒಪ್ಪದೆಯೇ ಆ ಸುಖ ಅನುಭವಿಸಿದಳು; ವ್ಯತ್ಯಾಸ ಇಷ್ಟೇ. ಇಬ್ಬರೂ ಚಹಾ ಕುಡಿದರು. ಸುತ್ತಲಿನ ಯಾವ ಯಾವ ಊರಿಗೆ ಬೋಗುಣಿಗಳು ಹೋಗಿ ಬಂದಿವೆ ಎಂದು ಬೆರಳು ಮಡಿಚುತ್ತ ಹೋದರು. ಬೆರಳು ಮುಗಿದವು. ರೂಢಿ ಎಲ್ಲ ಕಡೆ ನೆಟ್ಟಗೆ ನಡೆದಿತ್ತು, ಯಾವ ಪಾತ್ರೆಯೂ ಬರಿದಾಗಿ ಮರಳಿರಲಿಲ್ಲ, ಕಡ್ಡಿ ಸೇರದ ಹರವಿ ಉಳಿದಿರಲಿಲ್ಲ.

ಶಂಕ್ರವ್ವ ವಿಶ್ವಂಭರನಿಗೆ ಫೋನು ಮಾಡಿದಳು. ಸಂಸ್ಥೆ ಅವರ ಊರಿಗೆ ಏನೂ ಹಾಕಿಲ್ಲ, ಹಾಗಾಗಿ ಸಂಸ್ಥೆಯ ಹೊಣೆ ಇಲ್ಲ ಎಂದು ಹೇಳಬೇಕಾದದ್ದನ್ನು ಹೇಳಿದ. ಬೆರೆತದ್ದನ್ನು ಬೇರೆ ಮಾಡಲು ಬರುವುದಿಲ್ಲ. ಮಳೆಗಾಲದ ಹೊತ್ತಿಗೆ ಪೊಟ್ಟಣ ಹಾಕದಿದ್ದರೆ ಕಡ್ಡಿಗಳೂ ಸಾಯುತ್ತವೆ, ಸರಗಳನ್ನೂ ಉಳಿಸಿರುವುದಿಲ್ಲ. ಆಮೇಲೆ ದನಿ ತಗ್ಗಿಸಿ, “ಅಮ್ಮಾ, ಎಲ್ಲಾದ್ರೂ ಹಳೇ ಹೆಪ್ಪು ಉಳಿದಿದ್ರೆ ಹುಡುಕಿ. ನಾನು ಹೇಳ್ದೆ ಅನ್ಬೇಡಿ,” ಎಂದ.

ಎಲ್ಲಿ ಹುಡುಕುವುದು?

ಕಂಬಿಯವರು ಬರುವ ದಿನ ಬಂತು. ಶಂಕ್ರವ್ವ ಹೋಗುವ ಆಸೆ ಬಿಟ್ಟು ಪಾದಕ್ಕೆ ಹಾಕಲು ನೀರಿನ ಕೊಡ ಹಿಡಿದು ಬಾಗಿಲಲ್ಲಿ ನಿಂತಳು. ಹಿರಿಯ, ಯಾಕವ್ವ, ಚಪ್ಪಲಿ ಹೊಸವು ಹಾಕೊಂಡಿ, ಬರಂಗಿಲ್ಲೇನು ಎಂದು ಕೇಳಿದ. ಆಕೆ ಇಲ್ಲವೆಂದು ತಲೆಯಾಡಿಸಿದಳು. ಅವನು ಇವತ್ತಿನ ಪ್ರಸಾದ ಯಲಗಟ್ಟಿ ದೊಡ್ಡಿಯಲ್ಲಿ, ಅಲ್ಲಿ ತನಕವಾದರೂ ಬಾ ಎಂದ.

ನೀರು ಹಾಕುತ್ತಿದ್ದ ಕೈ ಹಾಗೇ ನಿಂತಿತು. ದೊಡ್ಡಿಯವರು ಬೋಗುಣಿ ಮರಳಿಸಿಲ್ಲ. ಮರಳಿಸದವರಿಗೆ ಮತ್ತೆ ಹೆಪ್ಪು ಹೋಗಿಲ್ಲ. ಗುಡ್ಡ ಅಡ್ಡವಾಗಿ ರೇಡಿಯೋ ಕೂಡ ಮುಟ್ಟುವುದಿಲ್ಲ. ಅಷ್ಟು ಸಣ್ಣ ದೊಡ್ಡಿಗೆ ಯಾವ ವ್ಯಾಪಾರದವನೂ ಹೋಗಿರಲಿಕ್ಕಿಲ್ಲ. ಇಷ್ಟು ವರ್ಷ ಬಯ್ದುಕೊಂಡು ಬಂದ ಒಂದು ತಪ್ಪನ್ನು ಆಕೆ ಈಗ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

ಕೊಡ ಇಳಿಸಿ, ಸೂಕ್ಷ್ಮದರ್ಶಕ ಚೀಲಕ್ಕೆ ಹಾಕಿಕೊಂಡು ಹೊರಟಳು. ಗುಡ್ಡ ಹತ್ತುವಾಗ ಮೊಣಕಾಲು ಕೂಗಿದವು. ಕಂಬಿಯವರು ಮಲ್ಲಯ್ಯನ ಹೆಸರು ಹೇಳಿದಾಗ ಆಕೆಯೂ ಹೇಳಿದಳು.

ದೊಡ್ಡಿಯಲ್ಲಿ ಬೆರಳೆಣಿಕೆಯ ಮನೆಗಳು. ಬೇವಿನ ಮರದ ಕೆಳಗೆ ಜನಕ್ಕೆ ರೊಟ್ಟಿ ಬಡಿಸುತ್ತಿದ್ದ ಹೆಂಗಸೊಬ್ಬಳು ಶಂಕ್ರವ್ವನ ಹೆಸರು ಕೇಳಿ ಬಡಿಸುವುದನ್ನು ನಿಲ್ಲಿಸಿ ಒಳಗೆ ಹೋದಳು. ಹುಲಿಗೆವ್ವ ಅಂತ ಅವಳ ಹೆಸರು. ಹೊರಗೆ ಬಂದಾಗ ಕೈಯಲ್ಲಿ ಬೋಗುಣಿ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ತಿಂಗಳು ತಿಂಗಳು ತಿಕ್ಕಿದ್ದಿರಬೇಕು.

“ತಪ್ಪಾತ್ರೀ ಅವ್ವಾರ. ಆ ವರ್ಷ ಮನ್ಯಾಗ ಹಾಕಿ ಕೊಡಾಕ ಏನೂ ಇರಲಿಲ್ಲ. ಹೆಪ್ಪು ಹಾಕಿ ಕೊಡೂನು ಅಂದ್ರ, ನಿಮ್ಮದನ್ನ ನಿಮಗ ಕೊಟ್ಟಂಗಾತು. ನಾಳಿ ಕೊಡೂನು, ನಾಳಿ ಕೊಡೂನು ಅಂದ್ವಿ. ಆಮ್ಯಾಲ ನಾಚಿಕ್ಯಾತು.”

“ಹೆಪ್ಪು ಅದ ಏನವಾ ಇನ್ನೂ?”

ಇತ್ತು. ಗಾಜಿನ ಹರವಿಯಲ್ಲಲ್ಲ, ಒಂದು ಸಣ್ಣ ಮಣ್ಣಿನ ಗಡಿಗೆಯಲ್ಲಿ. ಒಬ್ಬರ ಕೈಲಿ ಆಗುವುದಿಲ್ಲವೆಂದು ಗಡಿಗೆ ಸೋಮವಾರಕ್ಕೊಂದು ಮನೆಗೆ ತಿರುಗುತ್ತಿತ್ತು. ಯಾರ ಮನೆಯಲ್ಲಿದೆಯೋ ಅವರು ತಾವು ಉಂಡಾಗ ಅದಕ್ಕೂ ಉಣಿಸುವುದು. ಒಬ್ಬರು ಗಂಜಿ ಹಾಕಿದರೆ ಇನ್ನೊಬ್ಬರು ಅನ್ನದ ತಿಳಿ ಹಾಕಿದ್ದರು. ಎರಡು ಸಲ ಅರ್ಧ ಸತ್ತಿತ್ತು, ಒಂದಿಷ್ಟು ಮಾತು ಕಳೆದಿತ್ತು. ಶಂಕ್ರವ್ವ ಮರದ ಕೆಳಗೇ ಕೂತು ಒಂದು ಹನಿ ಗಾಜಿನ ಮೇಲಿಟ್ಟು ನೋಡಿದಳು. ಗುಂಡು ಗುಂಡು ಸರಗಳು, ಅಲ್ಲಲ್ಲಿ ಸೊಟ್ಟ, ಅಲ್ಲಲ್ಲಿ ತುಂಡು. ಕಡ್ಡಿ ಒಂದೂ ಇಲ್ಲ. ಆಕೆ ಕಣ್ಣು ತೆಗೆಯದೆ ನೋಡಿದಳು, ಗರ್ಭಗುಡಿಯ ಮುಂದೆ ನಿಂತವರು ನೋಡುವ ಹಾಗೆ.

ಪ್ರಸಾದ ಮುಗಿಸಿ ಕಂಬಿ ಮುಂದೆ ಹೊರಟಿತು. ಶಂಕ್ರವ್ವ ಹೊಳೆಯುವ ಬೋಗುಣಿಯಲ್ಲಿ ಹೆಪ್ಪು ತುಂಬಿಸಿಕೊಂಡು ಬಸ್ಸಿಗೆ ನಿಂತಳು, ಊರ ಕಡೆಯ ಬಸ್ಸಿಗೆ.

ಮರುದಿನ ಎದೆಮಟ್ಟದ ಹರವಿಯನ್ನು ಮೊಗೆಮೊಗೆದು ಚರಂಡಿಗೆ ಚೆಲ್ಲಿ, ಕುದಿನೀರು ಹಾಕಿ ತೊಳೆದಳು. ಬೋಗುಣಿ ಮರಳದೆ ಕಳೆದ ಆ ಅಷ್ಟೂ ವರ್ಷದ ಮಾತು, ಮದುವೆ, ಜಗಳ, ನೀಲವ್ವನ ಕೊನೆಯ ಬಯ್ಗುಳ ಎಲ್ಲ ಚರಂಡಿಯಲ್ಲಿ ಹರಿದುಹೋಯಿತು. ಪೊರಕೆ ಹಿಡಿದು ಆಕೆ ಅದು ಹೋಗುವ ತನಕ ನಿಂತಳು. ಆಮೇಲೆ ಆ ಹರವಿಗೆ ಹೆಪ್ಪು ಹಾಕಲಿಲ್ಲ. ಸಂತೆಯಿಂದ ಒಂದು ಗಡಿಗೆ ತಂದು, ಅದರಲ್ಲಿ ಹಾಕಿ, ಗಡಿಗೆ ಒಂದು ಕಂಕುಳಲ್ಲಿ, ಓದುಪೆಟ್ಟಿಗೆ ಇನ್ನೊಂದು ಕಂಕುಳಲ್ಲಿ ಹಿಡಿದು ಗಿರಣಿಗೆ ಹೋದಳು.

ಈರಸಂಗಪ್ಪ ಬೆಳಗಿನಿಂದ ಜೋಳ ಬೀಸುತ್ತಿದ್ದ. ಮೂಲೆ ಬೆಚ್ಚಗಿತ್ತು. ಆಕೆ ಗಡಿಗೆ ಅಲ್ಲಿಟ್ಟಳು.

“ಈ ಸೋಮವಾರದ್ದು ನಿನ್ನದು. ಮುಂದಿನ ಸೋಮವಾರ ಯಾರದಂತ ನೀನ ಹುಡುಕು.”

ಅವನು ಮೋಟಾರು ನಿಲ್ಲಿಸಿದ. ಗಡಿಗೆಯನ್ನೂ ಅವಳನ್ನೂ ನೋಡಿದ. “ಸತ್ರ?”

“ಸಾಯಬಹುದು. ದೊಡ್ಡಿಯವ್ರದು ಅರ್ಧ ಸತ್ತು ಬದುಕೇದ.”

“ಜನಾ ನನ್ನ ಬಯ್ತಾರ.”

“ಇಷ್ಟು ವರ್ಷ ನೀ ನನ್ನ ಬೈದಿ. ಈಗ ನಿನಗ.”

ಅವನು ಬಗ್ಗಿ ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಮುಟ್ಟಿದ. ಮೆಲ್ಲಗೆ, ಇದರಲ್ಲಿ ಅವ್ವನ ಮಾತು ಇದೆಯೇ ಎಂದು ಕೇಳಿದ. ಹಳೆಯವು ಇರಬಹುದು, ಕಳೆದೂ ಹೋಗಿರಬಹುದು, ತಾನು ಹೇಳಲಾರೆ ಅಂದಳು ಶಂಕ್ರವ್ವ. ಬಟ್ಟೆ ಬಿಚ್ಚಿ ನೋಡಬೇಡ, ನಾಳೆ ತನಕ ಅಲುಗಾಡಿಸಬೇಡ, ಕೂಡುವ ಹೆಪ್ಪಾದರೆ ಕೂಡುತ್ತದೆ. ಹೇಳುತ್ತಿರುವಾಗಲೇ ಅವಳ ಬೆರಳು ಬಟ್ಟೆಯ ಗಂಟಿನ ಮೇಲೆ ಹೋಗಿತ್ತು. ಕೈ ಹಿಂದೆ ತೆಗೆದುಕೊಂಡಳು.

ಎಲ್ಲಿಗೆ ಹೊರಟೆ ಎಂದು ಅವನು ಕೇಳಿದ. ಕಂಬಿಯವರನ್ನು ಬಸ್ಸಿನಲ್ಲಿ ಹೋಗಿ ಹಿಡಿದು, ಉಳಿದ ಹಾದಿ ನಡೆಯುತ್ತೇನೆ ಎಂದಳು. ಬಸ್ಸಿನಲ್ಲಿ ಕೂತದ್ದನ್ನು ಮಲ್ಲಯ್ಯ ಲೆಕ್ಕ ಹಿಡಿಯಲಿಕ್ಕಿಲ್ಲ. ಚೀಲದಿಂದ ಬೋಗುಣಿ ಹಣಿಕುತ್ತಿತ್ತು. ಹೆಪ್ಪು ತಂದ ಬೋಗುಣಿ, ಬಸ್ಸು ದೊಡ್ಡಿಯ ಮೇಲೇ ಹೋಗುತ್ತದೆ, ಹುಲಿಗೆವ್ವನಿಗೆ ಕೊಟ್ಟುಹೋಗುವುದು.

“ಅದು ನಿನ್ನ ತವರುಮನಿದಲ್ಲ?”

“ಹೆಪ್ಪು ಅವ್ರದು.”

“ಬರೇ ಕೊಡ್ತೀಯೇನು?” ಎಂದು ಈರಸಂಗಪ್ಪ ಬೋಗುಣಿ ಕಸಿದುಕೊಂಡು ಗಿರಣಿಯ ಬಾಯಿಗೆ ಹಿಡಿದ. ಮೋಟಾರು ಹಾಕಿ, ತನ್ನ ಮನೆಯ ಜೋಳ ಬೀಸಿ, ಹಿಟ್ಟಿನಿಂದ ಅದನ್ನು ತುಂಬಿಸಿ, ಮೇಲೆ ಕಾಗದ ಮುಚ್ಚಿ ಕೊಟ್ಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟಿ ಗುಡ್ಡದ ತಿರುವು ಬರುವಷ್ಟರಲ್ಲಿ ಶಂಕ್ರವ್ವನಿಗೆ ಜೊಂಪು ಹತ್ತಿತ್ತು. ತೊಡೆಯ ಮೇಲಿನ ಬೋಗುಣಿಯ ಹೊಟ್ಟೆಗೆ ಅವಳ ಅಂಗೈ, ವರ್ಷಗಟ್ಟಲೆಯ ರೂಢಿಯಿಂದ, ತಾನಾಗಿ ಒತ್ತಿಕೊಂಡಿತು. ಆಗಷ್ಟೇ ಬೀಸಿದ ಹಿಟ್ಟು ಇನ್ನೂ ಬೆಚ್ಚಗಿತ್ತು.